ಎತ್ತರಕ್ಕೊಂದು ಹಾರ್ಮೋನು, ಹಾಲಿಗೊಂದು ಹಾರ್ಮೋನು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಎರಡು ಮಾತುಗಳಿಂದ ಶುರು ಮಾಡುತ್ತೇನೆ. "ನನ್ನ ಮಗ ಓರಗೆಯವರಿಗಿಂತ ಕುಳ್ಳಗಿದ್ದಾನೆ, ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ." ಇದು ಒಂದು. "ನನಗೆ ಹಾಲೇ ಸಾಲುತ್ತಿಲ್ಲ, ನನ್ನಲ್ಲೇ ಏನೋ ಕೊರತೆ ಇರಬೇಕು." ಇದು ಇನ್ನೊಂದು. ಎರಡನ್ನೂ ನಾನು ಕೇಳಿರುವುದು ಹೆಚ್ಚಾಗಿ ತಾಯಂದಿರ ಬಾಯಲ್ಲಿ. ಎರಡರಲ್ಲೂ ತಪ್ಪನ್ನು ಅವರೇ ಹೊತ್ತುಕೊಂಡಿರುತ್ತಾರೆ. ಮೈಯೊಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ಯಾರೂ ಅವರ ಹತ್ತಿರ ಕೂತು ಹೇಳಿರುವುದಿಲ್ಲ. ಇವತ್ತಿನ ಈ ಒಂದು ಗಂಟೆ ಅದಕ್ಕೇ.

ಎರಡೂ ಮಾತುಗಳ ಜಾಡು ಹಿಡಿದು ಹೋದರೆ ಒಂದೇ ಜಾಗಕ್ಕೆ ತಲುಪುತ್ತೇವೆ. ಮೂಗಿನ ಬುಡದಿಂದ ನೇರ ಹಿಂದಕ್ಕೆ, ಮಿದುಳಿನ ತಳದಲ್ಲಿ, ಮೂಳೆಯಲ್ಲಿ ಒಂದು ಪುಟ್ಟ ಗುಳಿ ಇದೆ. ಅದರೊಳಗೆ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿ. ತೂಕ ಸುಮಾರು ಅರ್ಧ ಗ್ರಾಂ. ಅದೇ ಪಿಟ್ಯುಟರಿ. ಅದಕ್ಕೆ ಎರಡು ಭಾಗಗಳು, ಮುಂದಿನದು ಮತ್ತು ಹಿಂದಿನದು. ಒಂದು ಸಣ್ಣ ತೊಟ್ಟು ಅದನ್ನು ಮೇಲಿರುವ ಹೈಪೊಥಲಾಮಸ್‌ಗೆ ಸೇರಿಸುತ್ತದೆ. ಹೈಪೊಥಲಾಮಸ್ ಅಂದರೆ ಮಿದುಳಿನದೇ ಭಾಗ. ಹಸಿವು, ನಿದ್ದೆ, ಭಯ, ಮೈಬಿಸಿ ಎಲ್ಲದರ ಸುದ್ದಿಯೂ ಅಲ್ಲಿಗೆ ಮುಟ್ಟುತ್ತದೆ. ಆ ಸುದ್ದಿ ತೊಟ್ಟಿನ ಮೂಲಕ ಕೆಳಗಿಳಿದು ಗ್ರಂಥಿಯನ್ನು ಸೇರುತ್ತದೆ. ಈ ತೊಟ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ರಂಥಿಯ ಮುಂಭಾಗದಲ್ಲಿ ತಯಾರಾಗುವ ಹಾರ್ಮೋನುಗಳಲ್ಲಿ ಎರಡು ಒಡಹುಟ್ಟಿದವು. ಒಂದು ಬೆಳವಣಿಗೆ ಹಾರ್ಮೋನು, ಪ್ರೋಟೀನಿನ ಬಿಡಿ ಮಣಿಗಳಾದ ಅಮೈನೋ ಆಮ್ಲಗಳು 191 ಸೇರಿದ ಸರಪಳಿ. ಇನ್ನೊಂದು ಪ್ರೊಲ್ಯಾಕ್ಟಿನ್, ಹಾಲಿನ ಹಾರ್ಮೋನು, 199ರ ಸರಪಳಿ. ಬಹಳ ಹಿಂದಿನ ಯಾವುದೋ ಜೀವಿಯಲ್ಲಿ ಒಂದೇ ಜೀನ್ ಇತ್ತು. ಅದು ಎರಡಾಯಿತು. ಒಂದು ಎಲುಬಿನ ಕಡೆ ಹೋಯಿತು, ಇನ್ನೊಂದು ಹಾಲಿನ ಕಡೆ ಬಂತು. ಹೋಲಿಕೆ ಈಗಲೂ ಎಷ್ಟಿದೆ ಎಂದರೆ, ಮನುಷ್ಯರ ಬೆಳವಣಿಗೆ ಹಾರ್ಮೋನು ಪ್ರೊಲ್ಯಾಕ್ಟಿನ್‌ನ ಬೀಗಕ್ಕೂ, ಅಂದರೆ ಜೀವಕೋಶದ ಮೇಲೆ ಅದನ್ನು ಹಿಡಿಯುವ ಜಾಗಕ್ಕೂ, ಕೀಲಿಯಂತೆ ಕೂರುತ್ತದೆ.

ಈ ಹೋಲಿಕೆ ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತು. ಪಿಟ್ಯುಟರಿಯ ಸಾರ ಕೊಟ್ಟರೆ ಮೊಲಗಳಲ್ಲಿ ಹಾಲು ಬರುತ್ತದೆ ಎಂದು 1928ರಲ್ಲೇ ಸ್ಟ್ರಾಸ್‌ಬರ್ಗ್‌ನಲ್ಲಿ ತೋರಿಸಿದ್ದರು. 1930ರ ದಶಕದಲ್ಲಿ ಆಸ್ಕರ್ ರಿಡಲ್ ಪಾರಿವಾಳಗಳ ಮೇಲೆ ಕೆಲಸ ಮಾಡಿ ಆ ವಸ್ತುವಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಪಾರಿವಾಳಗಳು ಗಂಟಲಿನ ಚೀಲದಲ್ಲಿ ಹಾಲಿನಂಥದ್ದನ್ನು ಮಾಡಿ ಮರಿಗಳಿಗೆ ಉಣಿಸುತ್ತವೆ, ಗಂಡು ಹಕ್ಕಿಯೂ ಉಣಿಸುತ್ತದೆ. ಆದರೆ ಮನುಷ್ಯರಲ್ಲಿ ಪ್ರೊಲ್ಯಾಕ್ಟಿನ್ ಬೇರೆಯಾಗಿ ಸಿಗಲೇ ಇಲ್ಲ. ನಮ್ಮಲ್ಲಿ ಬೆಳವಣಿಗೆ ಹಾರ್ಮೋನೇ ಎರಡೂ ಕೆಲಸ ಮಾಡುತ್ತದೆ ಎಂದು ಎಷ್ಟೋ ಮಂದಿ ನಂಬಿದ್ದರು. ಹಾಗಲ್ಲ ಎಂಬ ಸುಳಿವು ಸಿಕ್ಕಿದ್ದು ತಾಯಂದಿರಿಂದ. ಹುಟ್ಟಿನಿಂದಲೇ ಬೆಳವಣಿಗೆ ಹಾರ್ಮೋನು ಇಲ್ಲದೆ ತುಂಬಾ ಕುಳ್ಳಗೆ ಉಳಿದ ಕೆಲವು ಹೆಂಗಸರು ಹೆತ್ತರು. ಅವರಿಗೆ ಎದೆಹಾಲು ಬಂತು, ಮಗುವಿಗೆ ಕುಡಿಸಿದರು. ಅಂದಮೇಲೆ ಹಾಲಿನ ಹಾರ್ಮೋನು ಬೇರೆಯೇ ಇರಬೇಕು ಅಲ್ವಾ? 1970-71ರಲ್ಲಿ ಆಂಡ್ರ್ಯೂ ಫ್ರಾಂಟ್ಜ್, ಡೇವಿಡ್ ಕ್ಲೈನ್‌ಬರ್ಗ್, ಹೆನ್ರಿ ಫ್ರೀಸನ್ ಮುಂತಾದವರ ಕೆಲಸದಿಂದ ಅದು ಖಚಿತವಾಯಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮೇಲೆ ತಿಳಿದ ವಿಷಯ ಇದು. ತಾಯಿಹಾಲಿನ ಬಗ್ಗೆ ನಾವು ಎಷ್ಟು ತಡವಾಗಿ ಕೇಳಿದೆವು ಎಂದು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಈಗ ಎತ್ತರದ ವಿಷಯ.

ಬೆಳವಣಿಗೆ ಹಾರ್ಮೋನು ನಲ್ಲಿಯ ನೀರಿನ ಹಾಗೆ ಒಂದೇ ಸಮನೆ ಹರಿಯುವುದಿಲ್ಲ. ಬಿಟ್ಟು ಬಿಟ್ಟು ಚಿಮ್ಮುತ್ತದೆ. ಹೈಪೊಥಲಾಮಸ್‌ನಿಂದ ಒಂದು ಹಾರ್ಮೋನು ಬಂದು "ಬಿಡು" ಎನ್ನುತ್ತದೆ. ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಬಂದು "ಸಾಕು" ಎನ್ನುತ್ತದೆ. ಮಕ್ಕಳಲ್ಲಿ ದಿನದ ಅತಿ ದೊಡ್ಡ ಚಿಮ್ಮು ರಾತ್ರಿ ಮಲಗಿದ ಸ್ವಲ್ಪ ಹೊತ್ತಿಗೆ, ಮೊದಲ ಗಾಢ ನಿದ್ದೆಯಲ್ಲಿ ಬರುತ್ತದೆ. ಮಲಗಿದರೆ ಮಗು ಬೆಳೆಯುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ನಿಜವಿದೆ. ಚಿಮ್ಮುಗಳ ನಡುವೆ ರಕ್ತದಲ್ಲಿ ಅದು ಇದ್ದೂ ಇಲ್ಲದಷ್ಟು ಇಳಿಯುತ್ತದೆ. ಹಾಗಾಗಿ ಯಾವಾಗಲೋ ಒಮ್ಮೆ ಸುಮ್ನೆ ರಕ್ತ ತೆಗೆದು ನೋಡಿ, "ಬೆಳವಣಿಗೆ ಹಾರ್ಮೋನು ಕಮ್ಮಿ ಇದೆ" ಎಂದು ಹೇಳಿದರೆ ಒಪ್ಪಬೇಡಿ. ಔಷಧಿ ಕೊಟ್ಟು ಗ್ರಂಥಿಯನ್ನು ಎಬ್ಬಿಸಿ, ಗಂಟೆಗಟ್ಟಲೆ ಕೂರಿಸಿ, ಹಲವು ಬಾರಿ ರಕ್ತ ತೆಗೆದು ಅಳೆಯಬೇಕು.

ಈ ಹಾರ್ಮೋನು ಎಲುಬನ್ನು ಒಂಟಿಯಾಗಿ ಬೆಳೆಸುವುದಿಲ್ಲ. ಲಿವರ್‌ಗೆ ಹೋಗಿ ಅಲ್ಲಿಂದ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಎಲುಬಿನ ತುದಿಯಲ್ಲೂ ಅದು ತಯಾರಾಗುತ್ತದೆ. ಮಕ್ಕಳ ಉದ್ದ ಎಲುಬುಗಳ ತುದಿಗೆ ಹತ್ತಿರ ಮೆದು ಮೂಳೆಯ ಒಂದು ತೆಳು ಪಟ್ಟಿ ಇರುತ್ತದೆ. ಅಲ್ಲಿನ ಜೀವಕೋಶಗಳು ನಾಣ್ಯ ಪೇರಿಸಿದ ಹಾಗೆ ಸಾಲಾಗಿ ಕೂತಿರುತ್ತವೆ. ಅವು ಒಡೆದು ಹೆಚ್ಚುತ್ತವೆ, ಉಬ್ಬುತ್ತವೆ, ಕೊನೆಗೆ ಗಟ್ಟಿ ಎಲುಬಿಗೆ ಜಾಗ ಬಿಡುತ್ತವೆ. ನಮ್ಮ ಎತ್ತರವೆಲ್ಲ ಈ ಪಟ್ಟಿಗಳಲ್ಲೇ ಆದದ್ದು.

ಇಲ್ಲಿ ಒಂದು ವಿಷಯ ಹೇಳಿದರೆ ಎಷ್ಟೋ ಜನಕ್ಕೆ ಆಶ್ಚರ್ಯ. ಮಗು ಅತಿ ವೇಗವಾಗಿ ಬೆಳೆಯುವ ಕಾಲದಲ್ಲಿ ಬೆಳವಣಿಗೆ ಹಾರ್ಮೋನಿನ ಪಾತ್ರ ಚಿಕ್ಕದು. ಹುಟ್ಟುವಾಗ ಮಗು ಸುಮಾರು 50 ಸೆಂ.ಮೀ. ಉದ್ದ. ಮೊದಲ ವರ್ಷದಲ್ಲೇ ಇನ್ನೊಂದು 25 ಸೆಂ.ಮೀ. ಸೇರುತ್ತದೆ. ಜೀವನದಲ್ಲಿ ಮತ್ತೆಂದೂ ಆ ವೇಗ ಬರುವುದಿಲ್ಲ. ಹೊಟ್ಟೆಯೊಳಗಿನ ಬೆಳವಣಿಗೆ ಮತ್ತು ಈ ಮೊದಲ ತಿಂಗಳುಗಳ ಬೆಳವಣಿಗೆ ನಿಂತಿರುವುದು ಮುಖ್ಯವಾಗಿ ಪೋಷಣೆ, ಇನ್ಸುಲಿನ್ ಮತ್ತು ಅದರ ಬಳಗದ ಹಾರ್ಮೋನುಗಳ ಮೇಲೆ. ಹುಟ್ಟಿನಿಂದ ಬೆಳವಣಿಗೆ ಹಾರ್ಮೋನು ಇಲ್ಲದ ಮಗುವೂ ಹುಟ್ಟುವಾಗ ಹೆಚ್ಚುಕಡಿಮೆ ಎಲ್ಲರಷ್ಟೇ ಉದ್ದ ಇರುತ್ತದೆ. ಅಂದರೆ ಒಂದು ಹಾರ್ಮೋನು ಎತ್ತರದ ಹೊಣೆ ಹೊರುವವರೆಗೆ, ಅದರ ಒಡಹುಟ್ಟು ಹಾಲಿನ ರೂಪದಲ್ಲಿ ಕೂಸನ್ನು ಬೆಳೆಸುತ್ತಿರುತ್ತದೆ. ನಾನು ಇವತ್ತು ಈ ಎರಡು ವಿಷಯಗಳನ್ನು ಒಂದೇ ಮಾತಿನಲ್ಲಿ ಕಟ್ಟಿ ತಂದಿರುವುದು ಇದಕ್ಕೇ.

ಆಮೇಲೆ ವೇಗ ಇಳಿಯುತ್ತಾ ಹೋಗಿ, ಕೆಲವು ವರ್ಷಗಳಲ್ಲಿ ವರ್ಷಕ್ಕೆ 5-6 ಸೆಂ.ಮೀ. ಅಷ್ಟೆ. ಹರೆಯದಲ್ಲಿ ಮತ್ತೊಂದು ನೆಗೆತ, ಹುಡುಗಿಯರಿಗೆ ಮೊದಲು, ಹುಡುಗರಿಗೆ ಸುಮಾರು ಎರಡು ವರ್ಷ ತಡವಾಗಿ. ಆ ನೆಗೆತ ಕೊಡುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನೇ ಕೊನೆಗೆ ಆ ಮೆದು ಪಟ್ಟಿಯನ್ನು ಮುಚ್ಚುತ್ತದೆ. ಹುಡುಗರಲ್ಲೂ ಮುಚ್ಚುವುದು ಈಸ್ಟ್ರೋಜನ್ನೇ. 1994ರಲ್ಲಿ ವರದಿಯಾದ ಒಬ್ಬ ವ್ಯಕ್ತಿಯ ಮೈಗೆ ಈಸ್ಟ್ರೋಜನ್ನಿನ ಕರೆ ಕೇಳಿಸುತ್ತಲೇ ಇರಲಿಲ್ಲ. ಗಂಡು ಹಾರ್ಮೋನು ಸರಿಯಾಗಿತ್ತು. ಆದರೂ 28ನೇ ವಯಸ್ಸಿನಲ್ಲಿ, 204 ಸೆಂ.ಮೀ. ಎತ್ತರದಲ್ಲಿ, ಅವನು ಇನ್ನೂ ಬೆಳೆಯುತ್ತಿದ್ದ. ಪಟ್ಟಿ ಮುಚ್ಚಿರಲಿಲ್ಲ.

ಥೈರಾಯ್ಡ್ ಬಗ್ಗೆ ಒಂದೇ ಮಾತು. ಅದು ಕಮ್ಮಿಯಾದರೆ ಎತ್ತರ ನಿಲ್ಲುತ್ತದೆ. ಹಸುಗೂಸಿನಲ್ಲಾದರೆ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಇದನ್ನು ಪತ್ತೆ ಮಾಡಬಹುದು. ಮಾತ್ರೆಯೂ ಸುಲಭದ್ದು. ಈ ಒಂದು ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಊಟ ಇದ್ದೂ ಬೆಳೆಯದ ಮಕ್ಕಳಿರುತ್ತಾರೆ. ಮನೆಯಲ್ಲಿ ಪ್ರೀತಿ ಇಲ್ಲ, ಏಟು, ಭಯ. ಅಂಥ ಮಕ್ಕಳಲ್ಲಿ ಬೆಳವಣಿಗೆ ಹಾರ್ಮೋನು ಕುಗ್ಗಿರುವುದನ್ನು ವೈದ್ಯರು ಅಳೆದು ನೋಡಿದ್ದಾರೆ. ಅಕ್ಕರೆ ಸಿಗುವ ಜಾಗಕ್ಕೆ ಕರೆತಂದಾಗ ಇಂಜೆಕ್ಷನ್ ಏನೂ ಇಲ್ಲದೆ ಹಾರ್ಮೋನು ಮರಳಿದೆ, ಮಗು ಬೆಳೆದಿದೆ. ಮಿದುಳಿನಿಂದ ಇಳಿಯುವ ಆ ತೊಟ್ಟನ್ನು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಅದರಲ್ಲಿ ಮಗುವಿನ ಭಯವೂ ಇಳಿಯುತ್ತದೆ.

ಹಾರ್ಮೋನು ನಿಜಕ್ಕೂ ಇಲ್ಲದ ಮಕ್ಕಳಿಗೆ ಇಂಜೆಕ್ಷನ್ ವರವೇ. ಆದರೆ ಅದರ ಹಿಂದೆ ಒಂದು ನೋವಿನ ಕಥೆ ಇದೆ. ದನ, ಹಂದಿಯಂಥ ಪ್ರಾಣಿಗಳ ಬೆಳವಣಿಗೆ ಹಾರ್ಮೋನು ಮನುಷ್ಯರಿಗೆ ನಾಟುವುದಿಲ್ಲ. ಅದಕ್ಕೇ 1958ರಿಂದ ಸತ್ತವರ ಪಿಟ್ಯುಟರಿಯಿಂದ ಹಾರ್ಮೋನು ತೆಗೆದು ಮಕ್ಕಳಿಗೆ ಕೊಟ್ಟರು. 1985ರಲ್ಲಿ ಗೊತ್ತಾಯಿತು, ಕೆಲವು ಗ್ರಂಥಿಗಳ ಜೊತೆ ಮಿದುಳನ್ನು ಕೊಲ್ಲುವ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗವೂ ಬಂದಿತ್ತು. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಮಂದಿ ಹೀಗೆ ತೀರಿಕೊಂಡರು. ಎತ್ತರಕ್ಕೆಂದು ಚುಚ್ಚಿಸಿಕೊಂಡಿದ್ದವರು ಅವರು. ಅದೇ ವರ್ಷ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳಿಂದ ಮಾಡಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಎಲ್ಲೆಡೆ ಬಳಸುವುದು ಅಂಥದ್ದೇ. ಸುರಕ್ಷಿತ ಹೌದು. ಆದರೂ ಅಪ್ಪ ಅಮ್ಮ ಇಬ್ಬರೂ ಗಿಡ್ಡಗಿದ್ದು ಮಗುವೂ ಗಿಡ್ಡಗಿದ್ದರೆ ಅದು ರೋಗವಲ್ಲ. ವರ್ಷಕ್ಕೆ ಎಷ್ಟು ಬೆಳೆಯುತ್ತಿದೆ ಎಂದು ಗೋಡೆಯ ಮೇಲೆ ಗುರುತು ಹಾಕಿ. ವೇಗ ಸರಿಯಾಗಿದ್ದರೆ ಮಗುವನ್ನು ಅದರ ಪಾಡಿಗೆ ಬಿಡಿ.

ಈಗ ಹಾಲಿಗೆ ಬರೋಣ.

ಬಸಿರಿನಲ್ಲೇ ಎದೆ ಸಿದ್ಧವಾಗುತ್ತದೆ. ಈಸ್ಟ್ರೋಜನ್ ನಾಳಗಳನ್ನು ಕವಲೊಡೆಸುತ್ತದೆ, ಬಸಿರನ್ನು ಕಾಯುವ ಹಾರ್ಮೋನಾದ ಪ್ರೊಜೆಸ್ಟರಾನ್ ಹಾಲಿನ ಪುಟ್ಟ ಚೀಲಗಳನ್ನು ಬೆಳೆಸುತ್ತದೆ. ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನ್ ಮಾಡುವ ಜೀವಕೋಶಗಳು ಹೆಚ್ಚಿ ಗ್ರಂಥಿಯೇ ದಪ್ಪಗಾಗುತ್ತದೆ. ಹೆರಿಗೆಯ ಹೊತ್ತಿಗೆ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಮೊದಲಿನ ಸುಮಾರು 10ರಿಂದ 20 ಪಟ್ಟು. ಹಾಗಾದರೆ ಬಸುರಿಗೆ ಹಾಲು ಯಾಕೆ ಸುರಿಯುವುದಿಲ್ಲ? ಪ್ರೊಜೆಸ್ಟರಾನ್ ಬಾಗಿಲಿಗೆ ಅಗುಳಿ ಹಾಕಿಕೊಂಡು ನಿಂತಿರುತ್ತದೆ. ಆ ಪ್ರೊಜೆಸ್ಟರಾನ್ ಬರುವುದು ಮಾಸುವಿನಿಂದ. ಮಗು ಹುಟ್ಟಿ ಮಾಸು ಹೊರಬಿದ್ದಾಗ ಅಗುಳಿ ತೆಗೆದ ಹಾಗೆ. ಆದರೆ ರಕ್ತದಲ್ಲಿ ಪ್ರೊಜೆಸ್ಟರಾನ್ ಪೂರ್ತಿ ಇಳಿಯಲು ಸಮಯ ಬೇಕು. ಅದಕ್ಕೇ ಎದೆ ತುಂಬಿ ಬಂದಂತೆ ಅನಿಸುವುದು ಎರಡನೇ ಅಥವಾ ಮೂರನೇ ದಿನ. ಅಲ್ಲಿಯವರೆಗೆ ಬರುವುದು ಹಳದಿ ಬಣ್ಣದ, ಗಟ್ಟಿಯಾದ ಮೊದಲ ಹಾಲು. ಮೊದಲ ದಿನ ಕೆಲವು ಚಮಚ ಮಾತ್ರ. ಹೊಸ ಕೂಸಿನ ಹೊಟ್ಟೆಗೆ ಅಷ್ಟು ಸಾಕು. ಅದರಲ್ಲಿ ರೋಗ ತಡೆಯುವ ಪ್ರೋಟೀನುಗಳು ತುಂಬಿರುತ್ತವೆ. "ಹಾಲು ಬಂದಿಲ್ಲ" ಎಂದು ಬಾಟಲಿ ತರಿಸುವ ಆತುರ ಹುಟ್ಟುವುದು ಸರಿಯಾಗಿ ಈ ಎರಡು ದಿನಗಳಲ್ಲೇ. ತಾಯಿಯ ಮೈ ತನ್ನ ಲೆಕ್ಕದ ಪ್ರಕಾರ ನಡೆಯುತ್ತಿರುತ್ತದೆ, ಸುತ್ತಲಿನವರಿಗೆ ಗೊತ್ತಿರುವುದಿಲ್ಲ. ಆದರೆ ನಾಲ್ಕು ದಿನ ಕಳೆದರೂ ಹಾಲು ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಮಾಸುವಿನ ಚೂರು ಗರ್ಭಕೋಶದಲ್ಲಿ ಉಳಿದಿದ್ದರೂ ಹೀಗಾಗುತ್ತದೆ, ಅಗುಳಿ ಪೂರ್ತಿ ತೆಗೆದಿರುವುದಿಲ್ಲ.

ಪ್ರೊಲ್ಯಾಕ್ಟಿನ್‌ಗೆ ಇನ್ನೊಂದು ವಿಶೇಷ ಇದೆ. ಪಿಟ್ಯುಟರಿಯ ಮುಂಭಾಗದ ಬೇರೆ ಹಾರ್ಮೋನುಗಳಿಗೆ ಮಿದುಳು "ಹೊರಡು" ಎಂದರೆ ಮಾತ್ರ ಹೊರಡುತ್ತವೆ. ಪ್ರೊಲ್ಯಾಕ್ಟಿನ್ ತಾನಾಗಿಯೇ ಹೊರಡುತ್ತದೆ. ಮಿದುಳು ಡೋಪಮೈನ್ ಎಂಬ ರಾಸಾಯನಿಕ ಸುರಿಸಿ ಅದನ್ನು ಹಗಲೂ ರಾತ್ರಿ ಹಿಡಿದಿಟ್ಟಿರುತ್ತದೆ. ಅಪಘಾತದಲ್ಲೋ ಗಡ್ಡೆಯಿಂದಲೋ ಮಿದುಳಿನಿಂದ ಗ್ರಂಥಿಗೆ ಇಳಿಯುವ ಆ ತೊಟ್ಟು ತುಂಡಾದರೆ ಉಳಿದ ಹಾರ್ಮೋನುಗಳು ಕುಸಿಯುತ್ತವೆ, ಪ್ರೊಲ್ಯಾಕ್ಟಿನ್ ಮಾತ್ರ ಏರುತ್ತದೆ. ಡೋಪಮೈನ್ ತಡೆಯುವ ಕೆಲವು ಮಾನಸಿಕ ರೋಗದ ಮಾತ್ರೆ, ವಾಂತಿ ಮಾತ್ರೆ ತೆಗೆದುಕೊಂಡವರಿಗೆ ಬಸಿರಿಲ್ಲದೆಯೂ ಎದೆಯಲ್ಲಿ ಹಾಲು ಜಿನುಗುವುದು ಇದರಿಂದಲೇ. ಗಂಡಸರಲ್ಲೂ ಆಗಬಹುದು. ಗಾಬರಿಯಾಗದೆ ವೈದ್ಯರಿಗೆ ಹೇಳಿ.

ಮಗು ಎದೆ ಚೀಪಿದಾಗ ಮೊಲೆತೊಟ್ಟಿನ ನರಗಳಿಂದ ಹೈಪೊಥಲಾಮಸ್‌ಗೆ ಸುದ್ದಿ ಹೋಗುತ್ತದೆ. ಡೋಪಮೈನ್ ಹಿಡಿತ ಸಡಿಲವಾಗುತ್ತದೆ. ಪ್ರೊಲ್ಯಾಕ್ಟಿನ್ ಹೊರಟು ಹಾಲು ತಯಾರಿಸುತ್ತದೆ. ಅದೇ ಹೊತ್ತಿಗೆ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ಹೊರಡುತ್ತದೆ. ಒಂಬತ್ತೇ ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು ಅದು. ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ನೊಬೆಲ್ ಬಂತು. ಹಾಲಿನ ಚೀಲಗಳ ಸುತ್ತ ಬುಟ್ಟಿ ಹೆಣೆದಂತೆ ಸ್ನಾಯುವಿನಂಥ ಕೋಶಗಳಿವೆ. ಆಕ್ಸಿಟೋಸಿನ್ ಅವನ್ನು ಹಿಂಡುತ್ತದೆ, ಹಾಲು ಇಳಿಯುತ್ತದೆ. ಹಾಲು ಮಾಡುವುದು ಬೇರೆ, ಇಳಿಸುವುದು ಬೇರೆ. ಹಾಲಿನ ವಿಷಯದಲ್ಲಿ ಆಗುವ ಅರ್ಧ ಗೊಂದಲ ಇದು ತಿಳಿಯದ್ದರಿಂದ.

1948ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕೇಳಿ. ಮೈಕೆಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್, ಗಂಡ ಹೆಂಡತಿ. ಮಗುವಿಗೆ ಹಾಲು ಕುಡಿಸುತ್ತಿದ್ದ ನೈಲ್ಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಸಿಕೊಂಡರು. ನೆಮ್ಮದಿಯಿಂದ ಕೂತು ಕುಡಿಸಿದ ದಿನಗಳಲ್ಲಿ ಮಗುವಿಗೆ ಸರಾಸರಿ 168 ಗ್ರಾಂ ಹಾಲು ಸಿಕ್ಕಿತು. ಬೇರೆ ದಿನಗಳಲ್ಲಿ ಕುಡಿಸುವಾಗ ಕಾಲನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿಸುವುದು, ಕಾಲಿನ ಬೆರಳು ಎಳೆದು ನೋಯಿಸುವುದು, ಲೆಕ್ಕ ಕೇಳಿ ಕಾಡಿಸುವುದು ನಡೆಯಿತು. ಸಿಕ್ಕಿದ್ದು 99 ಗ್ರಾಂ. ಹಾಗೆಯೇ ಕಾಡಿಸುತ್ತಾ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟಾಗ 153 ಗ್ರಾಂ. ಅಂದರೆ ಹಾಲು ಎದೆಯಲ್ಲೇ ಇತ್ತು, ಇಳಿಯುತ್ತಿರಲಿಲ್ಲ. "ನಿನಗೆ ಹಾಲಿಲ್ಲ" ಎಂದು ಬಾಣಂತಿಯ ತಲೆಯ ಮೇಲೆ ನಿಂತು ಹೇಳುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು. ಆ ಮಾತೇ ಮಂಜುಗಡ್ಡೆಯ ನೀರಿನ ಕೆಲಸ ಮಾಡುತ್ತದೆ. ಇನ್ನೊಂದು ಕಡೆ, ಮಗು ಅತ್ತ ಸದ್ದು ಕೇಳಿದರೆ ಸಾಕು, ಎಷ್ಟೋ ತಾಯಂದಿರಿಗೆ ಎದೆ ಜುಮ್ಮೆಂದು ಹಾಲು ಇಳಿದುಬಿಡುತ್ತದೆ.

ಕೆಲವು ವಾರ ಕಳೆದ ಮೇಲೆ ಲೆಕ್ಕ ಬದಲಾಗುತ್ತದೆ. ಪ್ರೊಲ್ಯಾಕ್ಟಿನ್ ಮಟ್ಟ ನಿಧಾನವಾಗಿ ಇಳಿಯುತ್ತದೆ, ಹಾಲು ಮಾತ್ರ ಇಳಿಯುವುದಿಲ್ಲ. ಬರೀ ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ ಸುಮಾರು 750-800 ಮಿ.ಲೀ. ಬರುತ್ತಲೇ ಇರುತ್ತದೆ. ಎಷ್ಟು ಮಾಡಬೇಕು ಎಂದು ಈಗ ಎದೆಯೇ ನಿರ್ಧರಿಸುತ್ತದೆ. ಹಾಲು ಉಳಿದರೆ "ನಿಧಾನ ಮಾಡು" ಎಂಬ ಸೂಚನೆ ಅಲ್ಲೇ ಹುಟ್ಟುತ್ತದೆ. ಖಾಲಿಯಾದರೆ ವೇಗ ಹೆಚ್ಚುತ್ತದೆ. ಒಂದು ಕಡೆ ಕುಡಿಸುವುದು ಬಿಟ್ಟರೆ ಆ ಕಡೆ ಮಾತ್ರ ಬತ್ತುತ್ತದೆ. ಹಾಲು ಉಳಿಸಿಟ್ಟರೆ ಮುಂದಿನ ಸಲಕ್ಕೆ ಜಾಸ್ತಿ ಆಗುತ್ತದೆ ಎಂದುಕೊಂಡು ಕಾಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಕೇಳಿದಾಗಲೆಲ್ಲ ಕುಡಿಸಿ. ನಿಜವಾಗಿಯೂ ಹಾಲು ಕಮ್ಮಿ ಇರುವವರೂ ಇದ್ದಾರೆ. ಅವರಿಗೆ ಮೇಲುಹಾಲು ಬೇಕಾದರೆ ಕೊಡಲಿ, ಅದರಲ್ಲಿ ತಪ್ಪೇನೂ ಇಲ್ಲ.

ಅಪರೂಪಕ್ಕೆ, ಹಾಲು ಬರದಿರುವುದೇ ದೊಡ್ಡ ಎಚ್ಚರಿಕೆ ಆಗಿರುತ್ತದೆ. ಬಸಿರಿನಲ್ಲಿ ದಪ್ಪಗಾದ ಪಿಟ್ಯುಟರಿಗೆ ಜಾಸ್ತಿ ರಕ್ತ ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ತಾಯಿ ಕುಸಿದರೆ ಗ್ರಂಥಿ ಅರೆಸತ್ತು ಹೋಗಬಹುದು. 1937ರಲ್ಲಿ ಇದನ್ನು ವಿವರಿಸಿದ ಹೆರಾಲ್ಡ್ ಶೀಹಾನ್ ಅವರ ಹೆಸರೇ ಈ ರೋಗಕ್ಕಿದೆ. ಮೊದಲ ಗುರುತು ಹಾಲು ಬರದಿರುವುದು. ಆಮೇಲೆ ಮುಟ್ಟು ಮರಳುವುದಿಲ್ಲ, ಸುಸ್ತು ಬಿಡುವುದಿಲ್ಲ. ಬೆಳವಣಿಗೆ ಹಾರ್ಮೋನೂ ಹೋಗಿರುತ್ತದೆ, ಬೆಳೆದವರ ಎತ್ತರದಲ್ಲಿ ಅದು ಕಾಣುವುದಿಲ್ಲ ಅಷ್ಟೆ. ವರ್ಷಗಟ್ಟಲೆ ಯಾರೂ ಗುರುತಿಸದೆ ಬಳಲಿದ ತಾಯಂದಿರಿದ್ದಾರೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದು ಹಾಲೇ ಬರದಿದ್ದರೆ ಈ ಹೆಸರನ್ನು ವೈದ್ಯರ ಮುಂದೆ ಎತ್ತಿ.

ಎಲುಬು ಮತ್ತು ಹಾಲು ಇನ್ನೊಂದು ಕಡೆಯೂ ಕೂಡುತ್ತವೆ. ತಾಯಿ ದಿನಕ್ಕೆ ಸುಮಾರು 200ರಿಂದ 300 ಮಿ.ಗ್ರಾಂ ಕ್ಯಾಲ್ಸಿಯಂ ಹಾಲಿನಲ್ಲಿ ಕೊಡುತ್ತಾಳೆ. ಅದರ ಒಂದು ಭಾಗವನ್ನು ಅವಳ ಎಲುಬೇ ಬಿಟ್ಟುಕೊಡುತ್ತದೆ. ಎದೆಯಿಂದಲೇ ಒಂದು ಹಾರ್ಮೋನು ಹೊರಟು ಎಲುಬನ್ನು ಕೇಳುತ್ತದೆ. ಕುಡಿಸುವ ತಿಂಗಳುಗಳಲ್ಲಿ ತಾಯಿಯ ಎಲುಬು ಸ್ವಲ್ಪ ತೆಳುವಾಗುತ್ತದೆ. ಹಾಲು ಬಿಡಿಸಿದ ಮೇಲೆ ತಿಂಗಳುಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಮಗುವಿನ ಮೆದು ಪಟ್ಟಿಗಳು ಗಟ್ಟಿ ಎಲುಬಾಗಿ ಉದ್ದವಾಗಿರುತ್ತವೆ.

ಇಷ್ಟು ಹೇಳಿ ಮುಗಿಸಿದಾಗ ಸಭೆಯಿಂದ ಪ್ರಶ್ನೆಗಳು ಬಂದವು.

ಇಪ್ಪತ್ತೆರಡರ ಯುವಕನೊಬ್ಬ ಕೇಳಿದ: "ಈಗ ಇಂಜೆಕ್ಷನ್ ತಗೊಂಡ್ರೆ ಎತ್ತರ ಆಗ್ತೀನಾ ಸರ್?" ಇಲ್ಲಪ್ಪ. ಪಟ್ಟಿ ಮುಚ್ಚಿದ ಮೇಲೆ ಎಲುಬು ಉದ್ದವಾಗಲು ಜಾಗವೇ ಇಲ್ಲ. ಹಾರ್ಮೋನು ಜಾಸ್ತಿಯಾದರೆ ಕೈ, ಕಾಲು, ದವಡೆ ದಪ್ಪವಾಗುತ್ತವೆ, ಸಕ್ಕರೆ ಏರುತ್ತದೆ, ಹೃದಯ ಬಳಲುತ್ತದೆ. ದುಡ್ಡು ಕೊಟ್ಟು ಅದನ್ನು ಕೊಂಡುಕೊಳ್ಳಬೇಡ.

"ಹಾಲು ಕುಡಿಸುವಾಗ ಬಸಿರು ನಿಲ್ಲುವುದಿಲ್ಲವಂತೆ, ನಿಜವೇ?" ಮೂರೂ ಷರತ್ತು ಕೂಡಿದ್ದರೆ ಬಹುಮಟ್ಟಿಗೆ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಬರೀ ಎದೆಹಾಲೇ ಆಗಿರಬೇಕು, ಮುಟ್ಟು ಮರಳಿರಬಾರದು. ಆಗ ಬಸಿರಾಗುವ ಸಾಧ್ಯತೆ ನೂರರಲ್ಲಿ ಎರಡಕ್ಕಿಂತ ಕಮ್ಮಿ. ಒಂದು ತಪ್ಪಿದರೂ ಬೇರೆ ದಾರಿ ನೋಡಿಕೊಳ್ಳಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ದನಿ ಸಣ್ಣದಿತ್ತು. "ನಾವು ಮಗುವನ್ನು ದತ್ತು ತಗೋತಾ ಇದ್ದೀವಿ. ನಾನು ಹೆತ್ತಿಲ್ಲ. ನನಗೆ ಹಾಲು ಬರುತ್ತದಾ?" ಬರಬಹುದಮ್ಮ. ಹೆರದ ಹೆಂಗಸರಿಗೂ ಬಂದಿದೆ. ಮಗು ಬರುವುದಕ್ಕೆ ವಾರಗಳ ಮುಂಚಿನಿಂದಲೇ, ದಿನಕ್ಕೆ ಹಲವು ಸಲ, ರಾತ್ರಿಯೂ ಒಮ್ಮೆ ಪಂಪ್ ಹಚ್ಚಬೇಕು. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ. ಔಷಧಿ ಬೇಕೋ ಬೇಡವೋ ಎಂದು ವೈದ್ಯರು ಹೇಳುತ್ತಾರೆ. ಮಗು ಬಂದ ಮೇಲೆ ಎದೆಗೆ ಹಚ್ಚಿ, ಮೇಲುಹಾಲನ್ನು ಸಣ್ಣ ನಳಿಕೆಯಲ್ಲಿ ಮೊಲೆತೊಟ್ಟಿನ ಪಕ್ಕದಿಂದಲೇ ಕೊಡಬಹುದು. ಪೂರ್ತಿ ಹಾಲು ಎಲ್ಲರಿಗೂ ಬರುವುದಿಲ್ಲ, ಎಷ್ಟು ಬಂದರೂ ಅದು ಮಗುವಿಗೆ ಸಲ್ಲುತ್ತದೆ. ಮಗು ಬರುವುದಕ್ಕೆ ಎಷ್ಟು ದಿನ ಇದೆ ಎಂದು ಕೇಳಿದೆ. ಎರಡು ತಿಂಗಳು ಅಂದರು. ಹಾಗಾದರೆ ನಾಳೆಯಿಂದಲೇ ಶುರು ಮಾಡಿ ಅಂದೆ.